ತೊಟ್ಟಿಲ ನೆನಪು ಮತ್ತು ಪಠ್ಯದ ಸಾಕ್ಷ್ಯ

ಸೃಜನಶೀಲತೆಯ ಮೂಲವನ್ನು ತಾಯಿ-ಮಗುವಿನ ಆರಂಭಿಕ ಅನುಬಂಧದಲ್ಲಿ ಅರಸುವ ಮನೋವೈಜ್ಞಾನಿಕ ವಿಚಾರಗಳು ಸಾಹಿತ್ಯ ಸಂಶೋಧಕರನ್ನು ಬಹುಕಾಲದಿಂದ ಆಕರ್ಷಿಸಿವೆ. ಕೃತಿಯಲ್ಲಿ ಕಾಣುವ ಹಂಬಲಕ್ಕೆ ಕವಿಯ ಎಳವೆಯ ಕೊರತೆಯೇ ಕಾರಣವೆಂದು ಹೇಳಿದೊಡನೆ ವಿವರಣೆ ಪೂರ್ಣವಾದಂತೆ ತೋರುತ್ತದೆ. ಆದರೆ ಆ ಎಳವೆಯ ಸಂಗತಿ ನಮಗೆ ತಿಳಿದದ್ದು ಎಲ್ಲಿಂದ? ಈ ಪ್ರಶ್ನೆಯ ಪರಿಶೀಲನೆಗೆ, ಲಿಯೊನಾರ್ಡೊ ಡ ವಿಂಚಿಯನ್ನು ಕುರಿತು ಸಿಗ್ಮಂಡ್ ಫ್ರಾಯ್ಡ್ ಅವರು 1910ರಲ್ಲಿ ಪ್ರಕಟಿಸಿದ ಪ್ರಬಂಧ ತಕ್ಕ ನಿದರ್ಶನವಾಗಿದೆ.

ಲಿಯೊನಾರ್ಡೊ 1452ರಲ್ಲಿ ನೋಟರಿಯೊಬ್ಬನಿಗೂ ಕತೆರೀನಾ ಎಂಬಾಕೆಗೂ ವಿವಾಹದ ಹೊರಗೆ ಹುಟ್ಟಿದವನು. ತಾನು ತೊಟ್ಟಿಲಲ್ಲಿದ್ದಾಗ ಹಕ್ಕಿಯೊಂದು ಇಳಿದು ಬಂದು, ಬಾಲದಿಂದ ತನ್ನ ಬಾಯಿ ತೆರೆಸಿ, ತುಟಿಗಳ ನಡುವೆ ಹಲವು ಸಲ ಬಡಿಯಿತೆಂದು ಆತ ಟಿಪ್ಪಣಿಯೊಂದರಲ್ಲಿ ಬರೆದುಕೊಂಡಿದ್ದಾನೆ. ಇದರ ಹಿಂದೆ ಮೊಲೆಯುಂಡ ನೆನಪಿದೆ ಎಂಬುದು ಫ್ರಾಯ್ಡ್ ಅವರ ನಿಲುವು. ಅವರು ಓದಿದ ಜರ್ಮನ್ ಪಾಠದಲ್ಲಿ ಆ ಹಕ್ಕಿ ರಣಹದ್ದು. ಈಜಿಪ್ಟಿನ ಮಾತೃದೇವತೆ ಮೂತ್ ರಣಹದ್ದಿನ ರೂಪದವಳು. ರಣಹದ್ದುಗಳಲ್ಲಿ ಗಂಡೇ ಇಲ್ಲವೆಂಬುದು ಪ್ರಾಚೀನರ ನಂಬಿಕೆ. ಈ ಎಳೆಗಳನ್ನು ಹಿಡಿದು ತಂದೆಯಿಲ್ಲದೆ ತಾಯಿಯೊಬ್ಬಳ ಮಡಿಲಲ್ಲಿ ಬೆಳೆದ ಮಗುವಿನ ಚಿತ್ರವನ್ನು ಅವರು ಕಟ್ಟಿದರು. ಮೂಲದಲ್ಲಿರುವ ಇಟಾಲಿಯನ್ ಪದವಾದರೋ ‘ನಿಬ್ಬಿಯೊ’. ಅದು ಬರಿಯ ಹದ್ದು. ಕನ್ನಡದಲ್ಲಿ ಈ ಎರಡು ಹಕ್ಕಿಗಳಿಗೆ ಹೆಸರಿನ ನಂಟಾದರೂ ಉಂಟು. ಇಟಾಲಿಯನ್ನಿನಲ್ಲಿ ಅದೂ ಇಲ್ಲ.

ಪದದ ಈ ತಪ್ಪು ಮೊದಲೇ ಗಮನಕ್ಕೆ ಬಂದಿತ್ತು. ಕಲಾ ಇತಿಹಾಸಕಾರ ಮೇಯರ್ ಶಪೀರೊ ಅವರು 1956ರಲ್ಲಿ ಚರ್ಚೆಯನ್ನು ಇನ್ನೂ ಆಳಕ್ಕೆ ಒಯ್ದರು. ಶಿಶುವಾಗಿದ್ದ ಪ್ಲೇಟೋವಿನ ತುಟಿಯ ಮೇಲೆ ಜೇನ್ನೊಣಗಳು ಕುಳಿತವು, ಮಿಡಾಸನ ಬಾಯಿಗೆ ಇರುವೆಗಳು ಕಾಳು ತಂದವು ಎಂಬ ಐತಿಹ್ಯಗಳಂತೆ, ಲಿಯೊನಾರ್ಡೊನ ಮಾತೂ ಭಾವೀ ಮಹಿಮೆಯನ್ನು ಸೂಚಿಸುವ ಶಕುನದ ಸಂಪ್ರದಾಯಕ್ಕೆ ಸೇರಿದ್ದೆಂದು ತೋರಿಸಿದರು. ಹಕ್ಕಿಗಳ ಹಾರಾಟವನ್ನು ಅಭ್ಯಸಿಸುತ್ತಿದ್ದವನಿಗೆ ಹದ್ದಿನ ಬಾಲದ ಚಲನೆ ಕುತೂಹಲದ ವಸ್ತುವಾಗಿದ್ದುದು ಸಹಜವೇ. ಕೆ. ಆರ್. ಐಸ್ಲರ್ ಅವರು 1961ರಲ್ಲಿ ಒಂದು ಗ್ರಂಥವನ್ನೇ ಬರೆದು ಫ್ರಾಯ್ಡ್ ಅವರನ್ನು ಸಮರ್ಥಿಸಿದ್ದುಂಟು. ಆದರೂ ಮುಖ್ಯ ತೊಡಕು ಉಳಿದೇ ಇದೆ. 1457ರ ತೆರಿಗೆ ದಾಖಲೆಯಲ್ಲಿ ಐದು ವರ್ಷದ ಬಾಲಕ ತಂದೆಯ ಮನೆತನದಲ್ಲಿದ್ದಾನೆ. ಅದಕ್ಕೂ ಹಿಂದಿನ ವರ್ಷಗಳನ್ನು ತಾಯಿಯೊಡನೆ ಕಳೆದನೆಂಬುದಕ್ಕೆ ಫ್ರಾಯ್ಡ್ ಕೊಡುವ ಆಧಾರ ಹಕ್ಕಿಯ ಕಥೆಯೇ. ಹಕ್ಕಿಯ ಕಥೆಯ ಅರ್ಥಕ್ಕೆ ಆಧಾರ ಆ ವರ್ಷಗಳು. ಶಾಸನದ ಕಾಲವನ್ನು ಕಾವ್ಯದಿಂದಲೂ ಕಾವ್ಯದ ಕಾಲವನ್ನು ಅದೇ ಶಾಸನದಿಂದಲೂ ನಿರ್ಣಯಿಸುವವರನ್ನು ನಮ್ಮ ವಿದ್ವತ್ತು ಒಪ್ಪೀತೆ?

ಅನುಬಂಧದ ಬಗೆಗಿನ ಈಚಿನ ಸಂಶೋಧನೆ ಬೇರೆ ದಾರಿಯದು. ಜಾನ್ ಬೌಲ್ಬಿ ಅವರ ಸಿದ್ಧಾಂತವನ್ನು ಬೆಳೆಸಿದ ಮೇರಿ ಐನ್ಸ್‌ವರ್ತ್ ಅವರು 1954-55ರಲ್ಲಿ ಉಗಾಂಡಾದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ, ಮನೆಗಳಿಗೇ ಹೋಗಿ ತಾಯಿ-ಮಕ್ಕಳನ್ನು ಕಣ್ಣಾರೆ ಕಂಡು ಬರೆದರು. ತಾಯಿ ಇದ್ದಾಳೆಂಬ ಭರವಸೆಯುಳ್ಳ ಮಗುವೇ ದೂರ ಹೋಗಿ ಲೋಕವನ್ನು ತಡಕುತ್ತದೆ ಎಂಬುದು ಅವರ ಕಾಣಿಕೆ. ಹದಿನೆಂಟು ತಿಂಗಳಲ್ಲಿ ಭದ್ರ ಅನುಬಂಧವಿದ್ದ ಮಕ್ಕಳು ಎರಡು ವರ್ಷದವರಾದಾಗ ಸಮಸ್ಯೆ ಬಿಡಿಸುವಲ್ಲಿ ಹೆಚ್ಚು ಉತ್ಸಾಹ ತೋರಿದರೆಂದು 1978ರ ಮಿನೆಸೋಟಾ ಅಧ್ಯಯನವೊಂದು ತಿಳಿಸಿತು. ಇಲ್ಲಿ ಅಳೆದದ್ದು ಎರಡು ವರ್ಷದ ಕೂಸಿನ ಉತ್ಸಾಹವನ್ನು, ನಲವತ್ತರ ಕವಿಯ ಪ್ರತಿಭೆಯನ್ನಲ್ಲ. ಮೇಲಾಗಿ, ಕೊರತೆಯಿಂದ ಕಾವ್ಯ ಹುಟ್ಟುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಇದು ಪೋಷಕವಲ್ಲ.

ಕನ್ನಡದ ಮಧ್ಯಕಾಲೀನ ಸಾಹಿತ್ಯಕ್ಕೆ ಬಂದರೆ ಅಪಾಯ ಸ್ಪಷ್ಟವಾಗುತ್ತದೆ. ಹರಿಹರನ ರಗಳೆಯಲ್ಲಿ ಬಸವಣ್ಣ ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆಯುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣದಲ್ಲಿ ತಂದೆ ಬದುಕಿದ್ದಾನೆ. ಉಪನಯನದ ವಿಷಯದಲ್ಲಿ ಮಗ ಅವನನ್ನು ಎದುರಿಸುತ್ತಾನೆ. ವಚನಗಳ ಆರ್ತತೆಗೆ ತಬ್ಬಲಿತನವೇ ಕಾರಣವೆನ್ನುವವನಿಗೆ ಹರಿಹರ ದೊರೆಯುತ್ತಾನೆ. ಭದ್ರ ಬಾಲ್ಯವೇ ಬಂಡಾಯಕ್ಕೆ ಬಲ ಕೊಟ್ಟಿತೆನ್ನುವವನಿಗೆ ಭೀಮಕವಿ. ಇಬ್ಬರೂ ಬರೆದದ್ದು ಶರಣನ ಮಹಿಮೆಯನ್ನು. ಮನೋವಿಜ್ಞಾನಿಗೆ ಒದಗಿಸುವ ವ್ಯಕ್ತಿವೃತ್ತಾಂತವನ್ನಲ್ಲ. ಹೊರನಾಡಿನ ವಿಭಾಗಗಳಲ್ಲಿ ವಚನಗಳನ್ನು ಇಂಗ್ಲಿಷ್ ಅನುವಾದದಲ್ಲೇ ಓದಿ ನಿಬಂಧ ಬರೆಯುವವರಿಗೆ ಜರ್ಮನ್ ರಣಹದ್ದು ಎದುರಾಗುವ ಸಾಧ್ಯತೆ ಇನ್ನೂ ಹೆಚ್ಚು.

ಹಾಗೆಂದು ಈ ವಿಚಾರಧಾರೆಯನ್ನೇ ತಳ್ಳಿಹಾಕಬೇಕಾಗಿಲ್ಲ. ಲಂಡನ್ನಿನ ಶಿಶುವೈದ್ಯ, ಮನೋವಿಶ್ಲೇಷಕ ಡಿ. ಡಬ್ಲ್ಯೂ. ವಿನ್ನಿಕಾಟ್ ಅವರು 1951ರ ಪ್ರಬಂಧದಲ್ಲಿ ಮಗು ಬಿಡದೆ ಹಿಡಿದುಕೊಳ್ಳುವ ಕಂಬಳಿಯ ಚೂರಿನಂತಹ ವಸ್ತುವನ್ನು ಚರ್ಚಿಸಿದರು. ಅದು ಪೂರ್ತಿ ಹೊರಗಿನದೂ ಅಲ್ಲ, ಒಳಗಿನದೂ ಅಲ್ಲ. ನೀನೇ ಕಲ್ಪಿಸಿದೆಯೋ, ಹೊರಗಿನಿಂದ ದೊರೆಯಿತೋ ಎಂದು ಮಗುವನ್ನು ಕೇಳಲಾಗದು. ಆಟವೂ ಮುಂದೆ ಕಲೆಯೂ ನೆಲಸುವುದು ಈ ನಡುವಣ ಎಡೆಯಲ್ಲೇ ಎಂದು 1971ರ ಗ್ರಂಥದಲ್ಲಿ ಅವರು ವಿಸ್ತರಿಸಿದರು. ಅಕ್ಕಮಹಾದೇವಿಯ ಬಾಲ್ಯವನ್ನು ಊಹಿಸದೆಯೇ ಅವಳ ಚೆನ್ನಮಲ್ಲಿಕಾರ್ಜುನನನ್ನು ಓದಲು ಇಲ್ಲಿ ದಾರಿಯಿದೆ. ಅವನು ಗುಡಿಯ ದೇವರೋ ಮನಸ್ಸಿನ ಗಂಡನೋ ಎಂಬ ಆಯ್ಕೆಯನ್ನು ವಚನ ನಮ್ಮ ಮುಂದಿಡುವುದಿಲ್ಲ. ಸಂಬೋಧನೆಯಲ್ಲಿ ಅವನು ಎಷ್ಟು ಹತ್ತಿರ ಬರುತ್ತಾನೆ, ಯಾವ ಕ್ರಿಯಾಪದದೊಡನೆ ದೂರ ಸರಿಯುತ್ತಾನೆ ಎಂಬುದನ್ನು ಪದಪದವಾಗಿ ಪರಿಶೀಲಿಸಬಹುದು. ಅದಕ್ಕೆ ಬೇಕಾದ ಸಾಕ್ಷ್ಯವೆಲ್ಲವೂ ಪಠ್ಯದಲ್ಲೇ ಇದೆ.