ಅಕ್ಷರಗಳ ಸಲಿಗೆ

ಬಾಣಾವರದ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರು ನೆಟ್ಟಗೆ, ಗಂಭೀರವಾಗಿ ನಿಂತಿರುವುದು. ಅಲ್ಲಿ ಅದು ಹಾಗೆಯೇ ಇರತಕ್ಕದ್ದು. ಓಡುವ ಬಂಡಿಯ ಕಿಟಕಿಯಿಂದ ನೋಡುವವನಿಗೆ ಅಕ್ಷರದ ಚೆಲುವನ್ನು ಸವಿಯುವ ವ್ಯವಧಾನವೆಲ್ಲಿಯದು? ಆದರೆ ಮಕ್ಕಳ ನಾಟಕದ ಪ್ರಕಟಣೆಯಲ್ಲಿಯೂ ಆ ಠೀವಿಯೇ ಬೇಕೆನ್ನುವ ಹಿರಿಯರಿದ್ದಾರೆ. ಅಕ್ಷರ ಕುಣಿದರೆ ಭಾಷೆಯ ಮಾನ ಹೋದೀತೆಂದು ಅವರ ಅಂಜಿಕೆ. ನಮ್ಮ ಬೇಲೂರು ಹಳೇಬೀಡುಗಳ ಶಾಸನಗಳನ್ನು ಕಂಡವರಿಗೆ ಈ ಅಂಜಿಕೆ ಬರಬಾರದು. ಹೊಯ್ಸಳರ ಕಾಲದ ಲಿಪಿಕಾರನು ರಾಜನ ಬಿರುದುಗಳನ್ನು ಕಂಡರಿಸುವಾಗಲೂ ಅಕ್ಷರದ ದುಂಡನ್ನು ಮನಸಾರೆ ಬಳುಕಿಸಿದ್ದಾನೆ.

ಈ ವಿಚಾರ ಹುಟ್ಟಿದುದು ಗಣಕಯಂತ್ರದ ಎರಡು ಶೀರ್ಷಿಕಾಕ್ಷರಗಳಿಂದ. ಮುಂಬಯಿಯ ಏಕ್ ಟೈಪ್ ಎಂಬ ತಂಡದವರ ‘ಬಾಲೂ’ ಒಂದು. ಅದರ ಕನ್ನಡ ರೂಪಕ್ಕೆ ‘ತಮ್ಮ’ನೆಂದೂ ತೆಲುಗಿನದಕ್ಕೆ ‘ತಮ್ಮುಡು’ವೆಂದೂ ತಮಿಳಿನದಕ್ಕೆ ‘ತಂಬಿ’ಯೆಂದೂ ಹೆಸರು, ಹೆಸರಿನಲ್ಲಿಯೇ ಸಲಿಗೆ. ಇನ್ನೊಂದು, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಅವರ ‘ಅಕಾಯ ಕನಡಕ’. ಎರಡನ್ನೂ ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದು.

ಎರಡರಲ್ಲಿಯೂ ‘ಬಾಣಾವರ’ವೆಂದು ಬರೆದು ನೋಡಿದೆನು. ‘ಕನಡಕ’ದಲ್ಲಿ ಲೇಖನಿ ಹಿಡಿದ ಕೈಯ ಚಲನೆ ಕಾಣುವುದು. ‘ತಮ್ಮ’ನೋ ಹೊಟ್ಟೆ ತುಂಬ ಉಂಡ ಮಗುವಿನಂತೆ ಗುಂಡಗೆ ಕುಳಿತಿರುವನು, ನೋಡಿದೊಡನೆ ನಗು ಬರುತ್ತದೆ. ತೊಡಕಿರುವುದೂ ಆ ಹೊಟ್ಟೆಯಲ್ಲಿಯೇ. ಕನ್ನಡದಲ್ಲಿ ಹಲವು ಮಹಾಪ್ರಾಣಗಳ ಗುರುತು ಅಕ್ಷರದಡಿಯ ಒಂದು ಸೀಳು. ಗೆರೆ ದಪ್ಪವಾಗಿ ಗಾತ್ರ ಕಿರಿದಾದರೆ ಆ ಸೀಳು ಮಸಿಯಲ್ಲಿ ಮುಚ್ಚಿಹೋಗುವುದು, ‘ಧನಸಹಾಯ’ವು ‘ದನಸಹಾಯ’ವಾಗುವುದು. ಥಕಾರದ ಹೊಟ್ಟೆಯ ಚುಕ್ಕೆಗೂ ಷಕಾರದ ಒಳಗೆರೆಗೂ ಇದೇ ಗತಿ. ಅಕ್ಷರದ ಮೈ ಎಷ್ಟಾದರೂ ಆಡಲಿ, ಅರ್ಥವನ್ನು ಹೊತ್ತ ಗುರುತುಗಳು ಆಡಬಾರದು. ಆದುದರಿಂದ ಇಂಥ ಅಕ್ಷರವನ್ನು ದೊಡ್ಡದಾಗಿ, ನಾಲ್ಕಾರು ಮಾತುಗಳಿಗೆ ಮಾತ್ರ ಬಳಸತಕ್ಕದ್ದು. ಮಕ್ಕಳ ಪುಸ್ತಕದ ಹೊದಿಕೆಗೆ ಒಪ್ಪುವುದು. ಒಳಗಿನ ಕಥೆಗೆ ಒಲ್ಲದು.

ಇನ್ನೊಂದು ಕೊರತೆ ಇವೆರಡರದಷ್ಟೇ ಅಲ್ಲ, ಅಚ್ಚಿನ ಜಾತಿಯದೇ. ‘ಬಾಣಾವರ’ದಲ್ಲಿ ದೀರ್ಘ ಎರಡು ಸಲ ಬರುವುದು. ಫಲಕ ಬರೆಯುವ ಕುಶಲಿಯು ಒಂದರ ಬಾಲವನ್ನು ಮೇಲಕ್ಕೆತ್ತಿದರೆ ಇನ್ನೊಂದನ್ನು ಮುಂದಿನ ವಕಾರಕ್ಕೆ ದಾರಿ ಬಿಟ್ಟು ತಗ್ಗಿಸುತ್ತಾನೆ. ಮೊಳೆಯ ಅಕ್ಷರವಾದರೋ ಅವಳಿ ಜವಳಿ. ಒಂದೇ ಅಕ್ಷರಕ್ಕೆ ಎರಡು ಮೂರು ರೂಪಗಳನ್ನು ಅಡಗಿಸಿಟ್ಟು ಸರದಿಯಂತೆ ತರುವ ಉಪಾಯ ಇಂದಿನ ಅಕ್ಷರಶಿಲ್ಪಿಗಳಿಗೆ ತಿಳಿಯದುದಲ್ಲ. ಕೈಬರಹದ ಸೊಗಸನ್ನು ಬಯಸುವ ಅಕ್ಷರಕ್ಕೆ ಅದು ಅಲಂಕಾರವಲ್ಲ, ಅವಶ್ಯಕ.

ಬಳಸುವವರ ವಿವೇಕದ ಮಾತು ಬೇರೆ. ಒಂದು ವೈಕುಂಠ ಸಮಾರಾಧನೆಯ ಕರೆಯೋಲೆ ಈಚೆಗೆ ನನ್ನ ಕೈ ಸೇರಿತು. ಮೃತರ ಹೆಸರು ಗುಂಡುಗುಂಡಾಗಿ ನಗುತ್ತಿತ್ತು. ಮುಂದೊಮ್ಮೆ ಅದನ್ನು ಅಚ್ಚು ಹಾಕಿದವರನ್ನು ಕಂಡಾಗ ತಡೆಯಲಾರದೆ ಕೇಳಿಯೇಬಿಟ್ಟೆನು. “ದಪ್ಪಕ್ಷರ ಅಲ್ಲವೇ ಸ್ವಾಮಿ, ಕಣ್ಣು ಮಂಜಾದ ಹಿರಿಯರಿಗೂ ಕಾಣಲಿ ಅಂತ” ಎಂದರು.