ಗೇರ್ ಬಾಕ್ಸಿನ ಎಣ್ಣೆ ಮನೆ ಮುಂದೆಯೇ ಇಳಿಯಲಿ

ತರಕಾರಿ, ಮೇವು, ಸಿಮೆಂಟು, ಹಾಲಿನ ಕ್ಯಾನು ಹೊತ್ತು ಕೊಣ್ಣೂರಿನಿಂದ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಓಡಾಡುವ ಪಿಕಪ್‌ಗಳಿಗೆ ಎಂಜಿನ್ ಆಯಿಲ್ ಹೇಗೋ ಹೊತ್ತಿಗೆ ಸರಿಯಾಗಿ ಬದಲಾಗುತ್ತದೆ. ಅದನ್ನು ನೋಡಲು ಅಳತೆ ಕಡ್ಡಿಯಿದೆ, ಒತ್ತಡ ಕುಸಿದರೆ ಎಚ್ಚರಿಸಲು ಕೆಂಪು ದೀಪವಿದೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬ ಲೆಕ್ಕ ಡ್ರೈವರನ ಬಾಯಲ್ಲೇ ಇರುತ್ತದೆ. ಗೇರ್ ಬಾಕ್ಸಿಗೆ ಈ ಭಾಗ್ಯವಿಲ್ಲ. ಎತ್ತಿನ ಗಾಡಿಯ ಅಚ್ಚಿನಲ್ಲಿ ಕೀಲೆಣ್ಣೆ ಒಣಗಿದರೆ ಓಣಿಗೆಲ್ಲ ಕೇಳುವಂತೆ ಕಿರುಗುಡುತ್ತದೆ. ಗೇರ್ ಬಾಕ್ಸು ಎಣ್ಣೆ ಕೆಟ್ಟ ಮೇಲೂ ತಿಂಗಳುಗಟ್ಟಲೆ ತುಟಿ ಬಿಚ್ಚದೆ ದುಡಿಯುತ್ತದೆ. ಅದು ಸದ್ದು ಮಾಡುವ ಹೊತ್ತಿಗೆ ಒಳಗಿನ ಲೋಹ ಸವೆದಾಗಿರುತ್ತದೆ. ಆದ್ದರಿಂದ ಈ ಒಂದು ಎಣ್ಣೆಯನ್ನಾದರೂ ಗಾಡಿಯ ಮಾಲೀಕರು ಮನೆಯಲ್ಲಿ, ತಮ್ಮ ಕೈಯಾರೆ ಬದಲಿಸಬೇಕು ಎಂಬುದು ನನ್ನ ವಾದ. ಕೂಲಿ ಉಳಿಯುವುದು ಸಣ್ಣ ಲಾಭ. ಇಳಿದ ಹಳೆಯ ಎಣ್ಣೆಯನ್ನು ಕಣ್ಣಾರೆ ನೋಡಲು ಸಿಗುತ್ತದಲ್ಲ, ದೊಡ್ಡ ಲಾಭ ಅದು.

ಮೊದಲು ಎಣ್ಣೆಯ ಆಯ್ಕೆ, ಏಕೆಂದರೆ ಹೆಚ್ಚಿನ ತಪ್ಪುಗಳು ಅಂಗಡಿಯ ಕಟ್ಟೆಯ ಮೇಲೆಯೇ ಆಗಿಬಿಡುತ್ತವೆ. ಬೊಲೆರೊ ಪಿಕಪ್, ಟಾಟಾ ಏಸ್, ದೋಸ್ತ್‌ಗಳಂಥ ಗಾಡಿಗಳಲ್ಲಿ ಎರಡು ಕಡೆ ಗೇರ್ ಆಯಿಲ್ ಇರುತ್ತದೆ: ಗೇರ್ ಬಾಕ್ಸಿನಲ್ಲಿ ಮತ್ತು ಹಿಂದಿನ ಅಚ್ಚಿನ ನಡುವಿನ ಕ್ರೌನ್ ಹೌಸಿಂಗಿನಲ್ಲಿ. ಡಬ್ಬಿಯ ಮೇಲೆ 80ಡಬ್ಲ್ಯೂ-90 ಎಂದು ಓದಿ ಎರಡಕ್ಕೂ ಒಂದೇ ಸುರಿಯುವವರಿದ್ದಾರೆ. ಆ ಅಂಕಿ ಎಣ್ಣೆ ಎಷ್ಟು ಮಂದವೆಂದು ಮಾತ್ರ ಹೇಳುತ್ತದೆ. ಅದರ ಪಕ್ಕದಲ್ಲೇ ಇರುವ ಜಿಎಲ್-4, ಜಿಎಲ್-5 ಎಂಬ ಗುರುತು ಅದಕ್ಕಿಂತ ಮುಖ್ಯ. ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಉಜ್ಜುತ್ತ ಜಾರುತ್ತವೆ. ಅಲ್ಲಿ ಎಣ್ಣೆಯ ಪದರ ಹರಿದರೂ ಲೋಹವನ್ನು ಕಾಯಲೆಂದು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಜಿಎಲ್-5ರಲ್ಲಿ ಇವು ಜಿಎಲ್-4ರ ಸುಮಾರು ಎರಡು ಪಟ್ಟು. ಗೇರ್ ಬಾಕ್ಸಿನ ಕಥೆ ಬೇರೆ. ಅಲ್ಲಿ ಗೇರು ಬೀಳುವ ಮುನ್ನ ಎರಡು ಚಕ್ರಗಳ ವೇಗವನ್ನು ಸರಿದೂಗಿಸುವ ಸಿಂಕ್ರೊನೈಸರ್ ಉಂಗುರಗಳು ಸಾಮಾನ್ಯವಾಗಿ ಹಿತ್ತಾಳೆಯವು, ಮತ್ತು ಅವುಗಳ ಕೆಲಸ ನಡೆಯುವುದೇ ಘರ್ಷಣೆಯಿಂದ. ಅತಿಯಾಗಿ ಜಾರುವ ಎಣ್ಣೆಯಲ್ಲಿ ಆ ಉಂಗುರ ಹಿಡಿತ ತಪ್ಪುತ್ತದೆ. ಗಂಧಕ ಹಿತ್ತಾಳೆಯನ್ನು ತಿನ್ನಲೂಬಹುದು. ಗಾಡಿಯ ಜೊತೆ ಬಂದ ಪುಸ್ತಕ ಜಿಎಲ್-4 ಎಂದರೆ ಅದನ್ನೇ ಹಾಕಬೇಕು. 5 ಎಂಬುದು 4ಕ್ಕಿಂತ ಮೇಲಿನ ದರ್ಜೆ ಎಂದು ತಿಳಿಯುವುದೇ ತಪ್ಪು.

ಕೆಲಸ ಕಷ್ಟದ್ದಲ್ಲ, ಅವಸರದ್ದೂ ಅಲ್ಲ. ಪಿಕಪ್ಪಿನ ಹೊಟ್ಟೆ ನೆಲದಿಂದ ಎತ್ತರದಲ್ಲಿರುವುದರಿಂದ ಎಷ್ಟೋ ಸಲ ಜಾಕೇ ಬೇಕಾಗುವುದಿಲ್ಲ. ಎತ್ತಲೇಬೇಕಾದರೆ ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಹೋಗಕೂಡದು, ಸ್ಟ್ಯಾಂಡು ಕೊಡಲೇಬೇಕು. ಮುಂದಿನ ಭಾಗವನ್ನಷ್ಟೇ ಎತ್ತಿದರೆ ಎಣ್ಣೆಯ ಮಟ್ಟವೂ ತಪ್ಪು ತೋರಿಸುತ್ತದೆ. ಗಾಡಿ ಸ್ವಲ್ಪ ಓಡಿ ಎಣ್ಣೆ ಬೆಚ್ಚಗಿರುವಾಗ, ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮೊದಲು ತುಂಬುವ ಮೇಲಿನ ಪ್ಲಗ್ ಬಿಚ್ಚಬೇಕು. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಇಳಿದ ಮೇಲೆ, ತುಕ್ಕು ಹಿಡಿದ ಮೇಲಿನದು ಪಾನಾಕ್ಕೆ ಜಗ್ಗದೆ ಹೋದರೆ ಗಾಡಿ ಅಲ್ಲೇ ನಿಂತುಬಿಡುತ್ತದೆ. ಹೊಸ ಎಣ್ಣೆ ಮೇಲಿನ ತೂತಿನ ಅಂಚಿಗೆ ಬಂದು ಹೊರಗೆ ಜಿನುಗಿದರೆ ಸಾಕು. ವಾಶರ್ ಹೊಸದಿರಲಿ. ಪ್ಲಗ್ ಬಿಗಿಮಾಡುವಾಗ ತೋಳ್ಬಲ ತೋರಿಸುವುದು ಬೇಡ. ಅಲ್ಯುಮಿನಿಯಂ ಕವಚದ ಮರೆ ಒಮ್ಮೆ ಹೋದರೆ ರಿಪೇರಿ ದುಬಾರಿ.

ಇನ್ನು ಪಾತ್ರೆಯಲ್ಲಿ ಬಿದ್ದ ಎಣ್ಣೆ. ಗಂಧಕದ ಕಟುವಾಸನೆ ಗೇರ್ ಆಯಿಲಿನ ಹುಟ್ಟುಗುಣ, ಅದಕ್ಕೆ ಗಾಬರಿ ಬೇಡ. ಪ್ಲಗ್ಗಿನ ತುದಿಯಲ್ಲಿ ಆಯಸ್ಕಾಂತವಿದ್ದರೆ ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಮೆತ್ತಿಕೊಂಡಿರುವುದೂ ಸಹಜವೇ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಮುರಿದಿದೆ. ಬಿಸಿಲಿಗೆ ಹಿಡಿದಾಗ ಹೊಂಬಣ್ಣದ ಮಿನುಗು ಕಂಡರೆ ಸವೆಯುತ್ತಿರುವುದು ಸಿಂಕ್ರೊನೈಸರ್ ಉಂಗುರ. ಹಾಕಿದ್ದಕ್ಕಿಂತ ಬಹಳ ಕಡಿಮೆ ಇಳಿದರೆ ಯಾವುದೋ ಸೀಲು ಸೋರುತ್ತಿದೆ. ಹಾಲು ಬೆರೆತ ಚಹಾದ ಬಣ್ಣವಿದ್ದರೆ ಒಳಗೆ ನೀರು ಸೇರಿದೆ. ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳ ಈ ಸೀಮೆಯಲ್ಲಿ ನೀರಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕಿನ ಲೋಳಸೂರ ಸೇತುವೆಯೇ ಮುಳುಗಿತ್ತು. ಓಡಿ ಬಿಸಿಯಾದ ಹೌಸಿಂಗು ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರಾಟಕ್ಕೆಂದು ಇಟ್ಟ ಬ್ರೀದರ್ ತೂತಿನಿಂದಲೋ ಹಳೆಯ ಸೀಲಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅಚ್ಚು ಮುಳುಗುವಷ್ಟು ನೀರಿನಲ್ಲಿ ಗಾಡಿ ಹಾಯಿಸಿದವರು ಕಿಲೋಮೀಟರಿನ ಲೆಕ್ಕಕ್ಕೆ ಕಾಯದೆ ಪ್ಲಗ್ ಬಿಚ್ಚಿ ನೋಡಲೇಬೇಕು.

ಮಿಸ್ತ್ರಿಗಿಂತ ಚೆನ್ನಾಗಿ ನಾವು ಮಾಡಬಲ್ಲೆವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಗೇರ್ ಬಾಕ್ಸ್ ಬಿಚ್ಚಿ ಜೋಡಿಸುವ ವಿದ್ಯೆ ಅವರದು, ಅದರಲ್ಲಿ ಪೈಪೋಟಿಯಿಲ್ಲ. ಆದರೆ ಕಬ್ಬಿನ ಸೀಜನ್ನಿನಲ್ಲಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳ ನಡುವೆ, ನಿಮ್ಮ ಪಿಕಪ್ಪಿನಿಂದ ಇಳಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡುವ ಪುರುಸೊತ್ತು ಅವರಿಗೆಲ್ಲಿ? ಅದು ನೇರವಾಗಿ ಡ್ರಮ್ಮಿಗೆ ಹೋಗುತ್ತದೆ, ಸಾಕ್ಷ್ಯವೂ ಅದರೊಂದಿಗೇ ಹೋಗುತ್ತದೆ. ಹೊಂಬಣ್ಣದ ಮಿನುಗು ಕಂಡಿತೆಂದು ಹೇಳಿಕೊಂಡು ಬರುವ ಮಾಲೀಕನಿದ್ದರೆ ಮಿಸ್ತ್ರಿಯ ಕೆಲಸವೂ ಅರ್ಧ ಹಗುರ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಆಟೋಮ್ಯಾಟಿಕ್ ಗಾಡಿಗಳ ಕಡೆಯಿಂದ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳಂಥ ಪಿಕಪ್‌ಗಳು ಈಗ ಆಟೋಮ್ಯಾಟಿಕ್‌ನಲ್ಲೂ ಬರುತ್ತವೆ. ಅಲ್ಲಿನ ಕೆಂಪು ಎಣ್ಣೆ ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಬಲವನ್ನೇ ಸಾಗಿಸುತ್ತದೆ, ಕ್ಲಚ್ಚುಗಳನ್ನು ಒತ್ತಿ ಹಿಡಿಯುತ್ತದೆ, ಅವುಗಳ ಘರ್ಷಣೆಯನ್ನು ಹದದಲ್ಲಿಡುತ್ತದೆ, ತಂಪನ್ನೂ ನೋಡಿಕೊಳ್ಳುತ್ತದೆ. ಆ ಹದ ಎಷ್ಟು ಸೂಕ್ಷ್ಮವೆಂದರೆ 1970ರ ದಶಕದ ಆರಂಭದವರೆಗೂ ಅದಕ್ಕೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಿದ್ದ ಮೇಲೆ ಬದಲಿ ಹುಡುಕಬೇಕಾಯಿತು. ಹಳೆಯ ಎಣ್ಣೆ ತೆಗೆದರೆ ಆಟೋಮ್ಯಾಟಿಕ್ ಕೆಟ್ಟುಹೋಗುತ್ತದೆಂಬ ಮಾತು ಬಹಳ ಕೇಳಿಬರುತ್ತದೆ. ಗೇರು ಜಾರತೊಡಗಿದ ಮೇಲೆಯೇ ಎಣ್ಣೆ ನೆನಪಾಗುವುದು ಆ ಮಾತಿನ ಬೇರು ಎಂದು ನನ್ನ ಅನಿಸಿಕೆ: ಕ್ಲಚ್ ಅಷ್ಟರಲ್ಲಾಗಲೇ ಸುಟ್ಟಿರುತ್ತದೆ, ದೂರು ಹೊಸ ಎಣ್ಣೆಯ ಮೇಲೆ ಬೀಳುತ್ತದೆ. ಜೀವಮಾನಕ್ಕೆ ಒಂದೇ ಎಣ್ಣೆ ಸಾಕೆಂಬ ಭರವಸೆಯನ್ನೂ ನಾನು ಒಪ್ಪಲಾರೆ, ಬಿಸಿಗೆ ಹಳಸದ ಎಣ್ಣೆಯಿಲ್ಲ. ಆದರೂ ಇಲ್ಲಿ ನನ್ನ ವಾದಕ್ಕೊಂದು ಗಡಿ ಹಾಕಿಕೊಳ್ಳುತ್ತೇನೆ. ಈಗಿನ ಬಹಳಷ್ಟು ಆಟೋಮ್ಯಾಟಿಕ್‌ಗಳಲ್ಲಿ ಅಳತೆ ಕಡ್ಡಿಯೇ ಇಲ್ಲ. ಎಂಜಿನ್ ಓಡುತ್ತಿರುವಾಗ, ಎಣ್ಣೆ ನಿಗದಿತ ಬಿಸಿಯಲ್ಲಿರುವಾಗ ಮಟ್ಟ ನೋಡಬೇಕು. ಪ್ಲಗ್ ಬಿಚ್ಚಿದರೂ ಕನ್ವರ್ಟರಿನೊಳಗಿನ ಎಣ್ಣೆ ಇಳಿಯದೆ ಉಳಿಯುತ್ತದೆ. ಬಿಸಿ ಅಳೆಯುವ ಸಾಧನವೂ ಕಂಪನಿ ಹೇಳಿದ ಎಣ್ಣೆಯೂ ಕೈಯಲ್ಲಿಲ್ಲದವರು ಈ ಕೆಲಸವನ್ನು ವರ್ಕ್‌ಶಾಪಿಗೇ ಬಿಡಲಿ, ಆದರೆ ಪಕ್ಕದಲ್ಲಿ ನಿಂತು ಇಳಿದದ್ದನ್ನು ನೋಡಲಿ.

ಹಳೆಯ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವುದು, ಉಳಿದದ್ದನ್ನು ಗಟಾರಕ್ಕೆ ಚೆಲ್ಲುವುದು ನಮ್ಮಲ್ಲಿ ರೂಢಿ. ಮನೆಯಲ್ಲಿ ಬದಲಿಸುವುದನ್ನು ವಿರೋಧಿಸುವವರ ಕೈಯಲ್ಲಿರುವ ನಿಜವಾದ ಅಸ್ತ್ರ ಇದೇ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಮತ್ತು ಕೊಣ್ಣೂರಿನ ಗಟಾರದ ನೀರಿಗೆ ಘಟಪ್ರಭೆ ದೂರವಿಲ್ಲ. ಮುಚ್ಚಳ ಭದ್ರವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಮರುಸಂಸ್ಕರಣೆಗೆ ಕೊಡುವ ಗ್ಯಾರೇಜಿಗೆ ತಲುಪಿಸುವ ಏರ್ಪಾಡು ಮಾಡಿಕೊಳ್ಳದೆ ಪಾನಾ ಮುಟ್ಟಬಾರದು. ಕ್ಯಾನಿಗೆ ಸುರಿಯುವ ಮುನ್ನ ಚಿಕ್ಕ ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು, ತಾರೀಖು ಮತ್ತು ಕಿಲೋಮೀಟರ್ ಬರೆದ ಚೀಟಿ ಅಂಟಿಸಿಡಿ. ಮುಂದಿನ ಸಲ ಇಳಿಯುವ ಎಣ್ಣೆಯನ್ನು ಅದರ ಪಕ್ಕದಲ್ಲಿಟ್ಟರೆ, ಸವೆತ ಹೆಚ್ಚಿದೆಯೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.