ಶುಕವಾಕ್ಯವೂ ಚೀನೀ ಕೋಣೆಯೂ

ಮನಸ್ಸೆಂಬುದು ಮೆದುಳಿನ ವ್ಯಾಪಾರಮಾತ್ರವೆ, ಆ ವ್ಯಾಪಾರವನ್ನೇ ಬೇರೊಂದು ಯಂತ್ರದಲ್ಲಿ ನಡೆಯಿಸಿದರೆ ಆ ಯಂತ್ರಕ್ಕೂ ಮನಸ್ಸುಂಟೆಂದು ಒಪ್ಪಬೇಕೆ ಎಂಬ ವಿಷಯವಾಗಿ ಇಂಗ್ಲಿಷ್ ಭಾಷೆಯಲ್ಲಿ ಮುಕ್ಕಾಲು ಶತಮಾನದಿಂದ ಬೆಳೆದಿರುವ ಗ್ರಂಥರಾಶಿಯು ಬಹು ದೊಡ್ಡದು. ಅದರಲ್ಲಿ ಎರಡು ಸಣ್ಣ ಪ್ರಬಂಧಗಳು ಮಿಕ್ಕವುಗಳಿಗೆ ಆಧಾರಸ್ತಂಭಗಳಂತಿರುವುವು. ಒಂದು, ಆಲನ್ ಟ್ಯೂರಿಂಗ್ ಎಂಬ ಗಣಿತಜ್ಞರು 1950ರಲ್ಲಿ 'ಮೈಂಡ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದುದು. ಮತ್ತೊಂದು, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಜಾನ್ ಸರ್ಲ್ ಅವರು 1980ರಲ್ಲಿ ಬರೆದುದು. ಮೊದಲನೆಯದು ಯಂತ್ರಪಕ್ಷದ ಸ್ಥಾಪನೆ, ಎರಡನೆಯದು ಅದರ ಖಂಡನೆ. ಟ್ಯೂರಿಂಗರ ಪ್ರಬಂಧದಲ್ಲಿ ಗಿಳಿಪಾಠದ ಪ್ರಸ್ತಾಪವುಂಟು. 2021ರಲ್ಲಿ ಎಮಿಲಿ ಬೆಂಡರ್, ಟಿಮ್ನಿಟ್ ಗೆಬ್ರು ಮೊದಲಾದವರು ಈ ಕಾಲದ ಭಾಷಾಯಂತ್ರಗಳನ್ನು ಗಿಳಿಗಳೆಂದೇ ಕರೆದರು. ಗಿಳಿಯ ಮಾತಿನಿಂದ ಕೇಳುವವನಿಗೆ ಜ್ಞಾನವು ಹೇಗೆ ಹುಟ್ಟುವುದೆಂಬುದನ್ನು ಈ ದೇಶದ ನೈಯಾಯಿಕರೂ ವೇದಾಂತಿಗಳೂ ಬಹು ಸೂಕ್ಷ್ಮವಾಗಿ ವಿಚಾರಮಾಡಿರುವರು. ಆ ವಿಚಾರವನ್ನು ಒರೆಗಲ್ಲಾಗಿಟ್ಟುಕೊಂಡು ಮೇಲಿನ ಎರಡು ಪ್ರಬಂಧಗಳನ್ನು ಪರೀಕ್ಷಿಸುವುದು ಪ್ರಕೃತದ ಉದ್ದೇಶ. ಪ್ರಾಚೀನರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದಾರೆಂದು ಸಾಧಿಸುವುದು ಉದ್ದೇಶವಲ್ಲ. ಅವರ ಮುಂದೆ ಇದ್ದುದು ಗಿಳಿಯೇ ಹೊರತು ಗಣಕಯಂತ್ರವಲ್ಲ.

ಯಂತ್ರವು ಆಲೋಚಿಸಬಲ್ಲುದೆ ಎಂಬ ಪ್ರಶ್ನೆಯು ಅಸ್ಪಷ್ಟವೆಂದು ಟ್ಯೂರಿಂಗರು ಅದನ್ನು ಬದಿಗಿಟ್ಟು, ಅದರ ಸ್ಥಾನದಲ್ಲಿ ಒಂದು ಆಟವನ್ನು ನಿಲ್ಲಿಸುತ್ತಾರೆ. ಪರೀಕ್ಷಕನು ಒಂದು ಕಡೆ, ಅವನ ಕಣ್ಣಿಗೆ ಬೀಳದಂತೆ ಮತ್ತೊಂದು ಕಡೆ ಒಬ್ಬ ಮನುಷ್ಯನೂ ಒಂದು ಯಂತ್ರವೂ. ಅಚ್ಚಿಸಿದ ಬರವಣಿಗೆಯ ಮೂಲಕವಷ್ಟೇ ಪ್ರಶ್ನೋತ್ತರ ನಡೆಯತಕ್ಕದ್ದು. ಇಬ್ಬರಲ್ಲಿ ಯಂತ್ರವಾವುದೆಂದು ಪರೀಕ್ಷಕನು ಕಂಡುಹಿಡಿಯಲಾರದೆ ಹೋದರೆ, ಮನುಷ್ಯನು ಆಲೋಚಿಸುವನೆಂದು ಹೇಳುವಂತೆಯೇ ಯಂತ್ರವನ್ನು ಕುರಿತೂ ಹೇಳಲು ಅಡ್ಡಿಯೇನು ಎಂಬುದು ಅವರ ಅಭಿಪ್ರಾಯ. ಸುಮಾರು ಐವತ್ತು ವರ್ಷಗಳಲ್ಲಿ, ಐದು ನಿಮಿಷಗಳ ಸಂಭಾಷಣೆಯಾದಮೇಲೆ ಸಾಮಾನ್ಯ ಪರೀಕ್ಷಕನು ಸರಿಯಾಗಿ ಗುರುತಿಸುವ ಸಂಭವವು ನೂರಕ್ಕೆ 70ನ್ನು ಮೀರದೆಂದು ಅವರು ಊಹಿಸಿದರು.

ಇದಕ್ಕೆ ಬಂದ ಆಕ್ಷೇಪಗಳಲ್ಲಿ ಮುಖ್ಯವಾದುದು ಜೆಫರ್ಸನ್ ಎಂಬ ಶಸ್ತ್ರವೈದ್ಯರು 1949ರಲ್ಲಿ ಮಾಡಿದ ಉಪನ್ಯಾಸದಿಂದ ಎತ್ತಿಕೊಂಡದ್ದು. ತಾನು ಅನುಭವಿಸಿದ ಭಾವದಿಂದ ಪದ್ಯವನ್ನು ರಚಿಸಿ, ರಚಿಸಿದೆನೆಂಬುದನ್ನೂ ಅರಿಯುವವರೆಗೆ ಯಂತ್ರವು ಮೆದುಳಿಗೆ ಸಮವಲ್ಲವೆಂದು ಅವರ ವಾದ. ಟ್ಯೂರಿಂಗರು ಇದಕ್ಕೆ ಕೊಟ್ಟ ಉತ್ತರವು ರಮ್ಯವಾಗಿದೆ. ವಿದ್ಯಾರ್ಥಿಯು ವಿಷಯವನ್ನು ನಿಜವಾಗಿ ತಿಳಿದಿರುವನೆ, ಗಿಳಿಯಂತೆ ಕಲಿತಿರುವನೆ ಎಂಬುದನ್ನು ಬಾಯಿಪರೀಕ್ಷೆಯಿಂದ ನಿರ್ಣಯಿಸುವುದು ಲೋಕರೂಢಿಯಷ್ಟೆ. ಯಂತ್ರಕ್ಕೂ ಅದನ್ನೇ ಮಾಡಿರಿ ಎಂದು ಹೇಳಿ, ಕಾಂತೆಯನ್ನು ಬೇಸಗೆಯ ದಿನಕ್ಕೆ ಹೋಲಿಸುವ ಪದ್ಯದಲ್ಲಿ ವಸಂತದ ದಿನವೆಂದು ಬದಲಿಸಿದರಾಗದೆ, ಚಳಿಗಾಲದ ದಿನವೆಂದರೆ ಹೇಗೆ ಎಂದು ಒಂದು ಪರೀಕ್ಷೆಯನ್ನೇ ಕಲ್ಪಿಸಿ ತೋರಿಸುತ್ತಾರೆ. (ಆಂಗ್ಲದೇಶದಲ್ಲಿ ಬೇಸಗೆಯ ದಿನವು ಅಪರೂಪದ ಹಿತ. ಬಳ್ಳಾರಿಯ ಕಡೆಯವರಿಗೆ ಇದು ಹೊಗಳಿಕೆಯಾಗಿ ಕೇಳಿಸುವುದು ಕಷ್ಟ. ಈ ಮಾತಿನಿಂದ ಮುಂದೆ ಪ್ರಯೋಜನವುಂಟು.)

ಪಾಠಶಾಲೆಗಳನ್ನು ಬಲ್ಲವರಿಗೆ ಈ ಪರೀಕ್ಷೆಯು ಹೊಸದಲ್ಲ. ಸೂತ್ರಗಳನ್ನು ಕಂಠಪಾಠವಾಗಿ ಒಪ್ಪಿಸಿದ ವಿದ್ಯಾರ್ಥಿಗೆ ಗ್ರಂಥದಲ್ಲಿಲ್ಲದ ಶಬ್ದವೊಂದನ್ನು ಕೊಟ್ಟು ರೂಪಸಿದ್ಧಿಯನ್ನು ಕೇಳಿದರೆ ಅವನ ತಿಳಿವಳಿಕೆ ಬಯಲಾಗುವುದು. ಆದರೆ ಆ ಪರೀಕ್ಷೆಯಲ್ಲಿ ಉತ್ತರ ಹೇಳದವನು ಅಚೇತನನೆಂದು ಯಾವ ಗುರುವೂ ಹೇಳಲಾರನು. ಚೇತನನೆಂದು ಮೊದಲೇ ಸಿದ್ಧನಾದವನಲ್ಲಿ ಇಂತಹ ಒಂದು ಜ್ಞಾನವಿಶೇಷವುಂಟೆ ಇಲ್ಲವೆ ಎಂಬುದನ್ನು ನೋಡುವುದಕ್ಕಾಗಿ ಹುಟ್ಟಿದ ಪರೀಕ್ಷೆಯದು. ಚೈತನ್ಯವೇ ಸಂದಿಗ್ಧವಾಗಿರುವ ಎಡೆಯಲ್ಲಿ ಅದನ್ನು ತಂದು ನಿಲ್ಲಿಸಿದರೆ, ಯಾವುದನ್ನು ಅದು ಆಧಾರವಾಗಿ ಬಯಸುವುದೋ ಅದನ್ನೇ ಅದರಿಂದ ಸಾಧಿಸಿದಂತಾಗುವುದು. ಟ್ಯೂರಿಂಗರ ಪ್ರಬಂಧದ ದೋಷವು ಇಲ್ಲಿದೆಯೇ ಹೊರತು, ಸಾಮಾನ್ಯವಾಗಿ ಆಕ್ಷೇಪಿಸುವಂತೆ ಯಂತ್ರಗಳ ಶಕ್ತಿಯನ್ನು ಅವರು ಹೆಚ್ಚಾಗಿ ಎಣಿಸಿದರೆಂಬುದರಲ್ಲಿ ಅಲ್ಲ. ಶಕ್ತಿಯ ವಿಷಯದಲ್ಲಿ ಕಾಲವು ಅವರ ಕಡೆಗೇ ಸಾಕ್ಷಿ ನುಡಿದಿದೆ.

ಇನ್ನು ಸರ್ಲ್ ಅವರ ಪ್ರಬಂಧ. ಯೇಲ್ ವಿಶ್ವವಿದ್ಯಾನಿಲಯದ ರೋಜರ್ ಶ್ಯಾಂಕ್ ಮತ್ತು ಅವರ ಸಂಗಡಿಗರು ಸಣ್ಣ ಕಥೆಗಳನ್ನು ಕುರಿತ ಪ್ರಶ್ನೆಗಳಿಗೆ ಉತ್ತರಕೊಡುವ ಯಂತ್ರಕ್ರಮಗಳನ್ನು ರಚಿಸಿದ್ದರು. ಹೋಟಲಿಗೆ ಹೋದವನೊಬ್ಬನು ತಿಂಡಿಯನ್ನು ತರಹೇಳಿದನು, ಅದು ಸೀದುಹೋಗಿ ಬಂದಿತು, ಅವನು ಸಿಟ್ಟಿನಿಂದ ಹಣಕೊಡದೆ ಹೊರಟುಹೋದನು. ಅವನು ತಿಂಡಿಯನ್ನು ತಿಂದನೆ? ಕಥೆಯು ಹೇಳದಿದ್ದರೂ ಇಲ್ಲವೆಂದು ಹೇಳಬಲ್ಲ ಯಂತ್ರವು ಕಥೆಯನ್ನು ಅರ್ಥಮಾಡಿಕೊಂಡಿತೆಂದು ಕೆಲವರ ವಾದ. ಇದನ್ನು ಖಂಡಿಸಲು ಸರ್ಲ್ ಅವರು ಒಂದು ಕೋಣೆಯನ್ನು ಕಲ್ಪಿಸುತ್ತಾರೆ. ಚೀನೀ ಭಾಷೆಯ ಗಂಧವೇ ಇಲ್ಲದ ಒಬ್ಬನು ಒಳಗಿರುವನು. ಹೊರಗಿನಿಂದ ಚೀನೀ ಅಕ್ಷರಗಳ ಹಾಳೆಗಳು ಬರುವುವು. ಇಂತಹ ಆಕಾರದ ಅಕ್ಷರಗಳಿಗೆ ಇಂತಹವನ್ನು ಮರಳಿಸೆಂಬ ವಿಧಿಗಳು ಅವನು ಬಲ್ಲ ಇಂಗ್ಲಿಷಿನಲ್ಲಿರುವುವು. ವಿಧಿಗಳಂತೆ ಅವನು ಹಾಳೆಗಳನ್ನು ಹೊರಕ್ಕೆ ಕೊಟ್ಟರೆ, ಹೊರಗಿರುವ ಚೀನೀಯರು ಒಳಗೆ ತಮ್ಮ ಭಾಷೆಯ ವಿದ್ವಾಂಸನಿರುವನೆಂದು ಭಾವಿಸುವರು. ಅವನಿಗೋ ಒಂದಕ್ಷರವೂ ತಿಳಿಯದು. ಯಂತ್ರವು ಮಾಡುವುದೂ ಇಷ್ಟೇ. ಆದುದರಿಂದ ಅದಕ್ಕೂ ತಿಳಿಯದು. ಆ ಮನುಷ್ಯನಿಗೆ ತಿಳಿಯದಿದ್ದರೂ ಮನುಷ್ಯ, ವಿಧಿಗಳು, ಹಾಳೆಗಳು ಸೇರಿದ ಸಮುದಾಯಕ್ಕೆ ತಿಳಿಯುವುದೆಂದು ಕೆಲವರು ಹೇಳಿದುದಕ್ಕೆ, ಎಲ್ಲ ವಿಧಿಗಳನ್ನೂ ಅವನು ಬಾಯಿಪಾಠ ಮಾಡಿಕೊಂಡು ಕೋಣೆಯನ್ನೇ ಬಿಟ್ಟು ಬಯಲಿಗೆ ಬರಲಿ, ಆಗಲೂ ಅವನಿಗೆ ಚೀನೀ ಭಾಷೆ ತಿಳಿಯದಷ್ಟೆ ಎಂದು ಅವರ ಸಮಾಧಾನ. ಅರ್ಥವರಿಯದೆ ವೇದವನ್ನು ಕಲಿತವನನ್ನು ಹೊರೆ ಹೊತ್ತ ಕಂಬಕ್ಕೆ ಹೋಲಿಸುವ ನಿರುಕ್ತದ ಮಾತನ್ನು ಬಲ್ಲವರಿಗೆ ಈ ಸಮಾಧಾನವು ಬಹು ಸಹಜವಾಗಿ ತೋರುವುದು.

ಇಲ್ಲಿಗೆ ಗಿಳಿಯನ್ನು ಕರೆಯಬೇಕಾಗುತ್ತದೆ. ವಾಕ್ಯದಿಂದ ಅರ್ಥಜ್ಞಾನವಾಗುವುದಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬುವುಗಳಲ್ಲದೆ ತಾತ್ಪರ್ಯಜ್ಞಾನವೂ ಕಾರಣವೆಂದು ನವ್ಯನೈಯಾಯಿಕರು ಹೇಳುತ್ತಾರೆ. ಊಟದ ಹೊತ್ತಿನಲ್ಲಿ ಸೈಂಧವವನ್ನು ತಾರೆಂದರೆ ಉಪ್ಪು, ಪಯಣದ ಹೊತ್ತಿನಲ್ಲಿ ಎಂದರೆ ಕುದುರೆ. ಹೇಳುವವನ ಇಚ್ಛೆಯನ್ನರಿಯದೆ ಇದು ನಿರ್ಣಯವಾಗದು. ಹಾಗಾದರೆ ಗಿಳಿಯ ಮಾತಿನಿಂದಲೂ ಅರ್ಥವು ತಿಳಿಯುವುದಲ್ಲ, ಅಲ್ಲಿ ಇಚ್ಛೆಯಾರದು? ವಿಶ್ವನಾಥ ಪಂಚಾನನರ ಹೆಸರಿನಲ್ಲಿ ಪ್ರಚಾರದಲ್ಲಿರುವ ಸಿದ್ಧಾಂತಮುಕ್ತಾವಳಿಯು ಇದಕ್ಕೆ ಎರಡು ಬಗೆಯಾಗಿ ಉತ್ತರ ಕೊಡುತ್ತದೆ: ಗಿಳಿಯು ನುಡಿದುದು ನಿಜವಾಗಿದ್ದರೆ ಈಶ್ವರನ ತಾತ್ಪರ್ಯವನ್ನೂ, ಸುಳ್ಳಾಗಿದ್ದರೆ ಅದಕ್ಕೆ ಕಲಿಸಿದವನ ತಾತ್ಪರ್ಯವನ್ನೂ ಗ್ರಹಿಸಬೇಕು. ಈಶ್ವರನಲ್ಲಿ ಸುಳ್ಳನ್ನು ಹೊರಿಸಲಾಗದೆಂಬುದೇ ಈ ವಿಭಾಗಕ್ಕೆ ಹಿನ್ನೆಲೆ. ಗಿಳಿಯಲ್ಲಿ ಆ ತಾತ್ಪರ್ಯವಿದೆಯೆಂದು ಮಾತ್ರ ಅವರು ಹೇಳಲಿಲ್ಲ. ವೇದಾಂತಪರಿಭಾಷೆಯನ್ನು ಬರೆದ ಧರ್ಮರಾಜಾಧ್ವರೀಂದ್ರರು ಈ ದಾರಿಯನ್ನೇ ಬಿಟ್ಟರು. ಅರ್ಥಜ್ಞಾನವಿಲ್ಲದವನು ಉಚ್ಚರಿಸಿದ ವೇದದಿಂದಲೂ ಬಲ್ಲ ಶ್ರೋತೃವಿಗೆ ಅರ್ಥವಾಗುವುದರಿಂದ, ತಾತ್ಪರ್ಯವೆಂದರೆ ನುಡಿಯುವವನ ಇಚ್ಛೆಯಲ್ಲ, ಅಂತಹ ಜ್ಞಾನವನ್ನು ಹುಟ್ಟಿಸುವ ಯೋಗ್ಯತೆ. ಅದು ವಾಕ್ಯದಲ್ಲಿಯೇ ಇರುವುದು ಎಂದು ಅವರ ನಿರ್ಣಯ.

ಈ ಕಾಲದ ಭಾಷಾಯಂತ್ರಗಳನ್ನು ಮುಂದಿಟ್ಟುಕೊಂಡರೆ ಇವೆರಡರಲ್ಲಿ ವೇದಾಂತಿಯ ಲಕ್ಷಣವೇ ನಿಲ್ಲುವಂತೆ ತೋರುವುದು. ಗಿಳಿಗೆ ಕಲಿಸಿದವನೊಬ್ಬನುಂಟು, ಎಣಿಕೆಗೆ ಮೀರಿದ ಲೇಖಕರ ಬರಹಗಳಿಂದ ಕಲಿತ ಯಂತ್ರವು ಯಾರೂ ಎಂದೂ ಬರೆಯದ ಒಂದು ಸುಳ್ಳು ವಾಕ್ಯವನ್ನು ತಾನಾಗಿ ಹೆಣೆದುಕೊಟ್ಟಾಗ ಯಾವ ಶಿಕ್ಷಕನ ಇಚ್ಛೆಯನ್ನು ಹುಡುಕುವುದು? ಮುಕ್ತಾವಳಿಯ ವಿಭಾಗವು ಇಂತಹ ಗಿಳಿಯನ್ನು ಕಂಡುದಲ್ಲ. ವಾಕ್ಯದ ಯೋಗ್ಯತೆಯನ್ನೇ ಹಿಡಿದವರಿಗೆ ಈ ತೊಡಕಿಲ್ಲ. ಆದರೆ ಎರಡು ಮತಗಳಿಗೂ ಸಮಾನವಾದ ಅಂಶವೊಂದುಂಟು. ಟ್ಯೂರಿಂಗರಿಗೆ ಉತ್ತರವಾಗುವುದು ಅದೇ. ಕೇಳಿದವನಿಗೆ ಅರ್ಥಜ್ಞಾನವಾಯಿತೆಂಬ ಮಾತ್ರಕ್ಕೆ ನುಡಿದವನಲ್ಲಿ ಜ್ಞಾನವಿತ್ತೆಂದು ಸಿದ್ಧವಾಗುವುದಿಲ್ಲ. ಎಷ್ಟೇ ಸೊಗಸಾದ ಉತ್ತರವಾದರೂ ಸರಿಯೆ.

ಅಂತೂ ಸರ್ಲ್ ಅವರ ಪಕ್ಷವು ಗೆದ್ದಿತೆಂದು ಹೇಳಬಹುದೆ? ಹಾಗೆ ಹೇಳುವವರು ಬಹಳ ಮಂದಿ. ಈ ದೇಶದ ಪಂಡಿತರಲ್ಲಿಯೂ ಕೆಲವರು ಚೀನೀ ಕೋಣೆಯನ್ನು ಆತ್ಮಸಾಧಕವಾದ ಹೊಸ ಯುಕ್ತಿಯೆಂದು ಸ್ವಾಗತಿಸುವುದುಂಟು. ಈ ಸಂತೋಷಕ್ಕೆ ಆಧಾರವಿಲ್ಲ. ಯುಕ್ತಿಯ ಬಲವೆಲ್ಲವೂ ಕೋಣೆಯೊಳಗಿನವನು 'ನನಗೆ ಚೀನೀ ಭಾಷೆ ತಿಳಿಯದು' ಎಂದು ತಾನೇ ಬಲ್ಲನೆಂಬುದರಲ್ಲಿದೆ. ಇದು ಅವನ ಸ್ವಾನುಭವ. ನ್ಯಾಯದ ಪರಿಭಾಷೆಯಲ್ಲಿ ಹೇಳುವುದಾದರೆ, ತನ್ನ ಜ್ಞಾನವನ್ನು ತಾನೇ ವಿಷಯೀಕರಿಸುವ ಅನುವ್ಯವಸಾಯದ ಬಲದಿಂದ ಸಿದ್ಧವಾದುದು. ಕೋಣೆಯಲ್ಲಿ ಮನಸ್ಸುಳ್ಳ ಒಬ್ಬನನ್ನು ಮೊದಲೇ ಕೂರಿಸಿರುವುದರಿಂದಲೇ ಅಲ್ಲಿ ಸಾಕ್ಷಿ ನುಡಿಯುವವನಿದ್ದಾನೆ. ಯಂತ್ರದಲ್ಲಿ ಅಂತಹ ಸಾಕ್ಷಿಯಿಲ್ಲ. ದೃಷ್ಟಾಂತದಲ್ಲಿ ಯಾವುದರಿಂದ ಅಜ್ಞಾನವು ಗೊತ್ತಾಯಿತೋ ಅದೇ ದಾರ್ಷ್ಟಾಂತಿಕದಲ್ಲಿ ಇಲ್ಲದಿರಲು, ನಿಗಮನವು ಎಲ್ಲಿಂದ ಬಂತು? ಯಂತ್ರದಲ್ಲಿ ಜ್ಞಾನವು ಕಾಣಲಿಲ್ಲವಾದುದರಿಂದ ಇಲ್ಲವೆಂದರೋ, ಕಾಣದಿರುವುದೆಲ್ಲವೂ ಇಲ್ಲದುದಲ್ಲ. ಬೆಳಕಿರುವ ನೆಲದಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ಹೇಳಬಹುದು, ಇದ್ದಿದ್ದರೆ ಕಾಣಬೇಕಾಗಿತ್ತಾದುದರಿಂದ. ಪರರ ಜ್ಞಾನವು ಇದ್ದರೂ ಕಾಣತಕ್ಕುದಲ್ಲ. ಯೋಗ್ಯವಾದುದರ ಅನುಪಲಬ್ಧಿಯೇ ಅಭಾವವನ್ನು ತಿಳಿಸುವುದೆಂಬ ನಿಯಮವನ್ನು ಬಿಟ್ಟರೆ, ಎದುರಿಗೆ ಕುಳಿತ ಮನುಷ್ಯನ ಮನಸ್ಸನ್ನೂ ಅಲ್ಲಗಳೆಯಬೇಕಾಗುವುದು.

ಆದುದರಿಂದ ವಾದವು ಅನುಮಾನದ ಮಾರ್ಗಕ್ಕೆ ಬರಲೇಬೇಕು. ಇಲ್ಲಿ ಪ್ರಶಸ್ತಪಾದರ ಭಾಷ್ಯದ ಆತ್ಮಪ್ರಕರಣವು ಎರಡು ಪ್ರಬಂಧಗಳಿಗಿಂತಲೂ ವಿಶಾಲವಾಗಿದೆ. ಹಿತವನ್ನು ಹೊಂದಲೂ ಅಹಿತವನ್ನು ತೊರೆಯಲೂ ಯೋಗ್ಯವಾದ ಪ್ರವೃತ್ತಿನಿವೃತ್ತಿಗಳಿಂದ, ರಥದ ಚಲನದಿಂದ ಸಾರಥಿಯನ್ನೆಂತೋ ಅಂತೆ, ಶರೀರದ ಅಧಿಷ್ಠಾತೃವನ್ನು ಊಹಿಸಬೇಕು. ಗಾಯವು ಮಾಯುವುದರಿಂದ, ಮನೆಯನ್ನು ದುರಸ್ತಿಮಾಡುವ ಯಜಮಾನನನ್ನು ಊಹಿಸುವಂತೆ. ರೆಪ್ಪೆಗಳ ನಿಯತವಾದ ಚಲನದಿಂದ, ಮರದ ಯಂತ್ರವನ್ನಾಡಿಸುವವನನ್ನು ಊಹಿಸುವಂತೆ. ಕೊನೆಯ ದೃಷ್ಟಾಂತವನ್ನು ಈಗ ಹಿಡಿಯುವಂತಿಲ್ಲ. ಆಡಿಸುವವನಿಲ್ಲದೆ ಆಡುವ ಯಂತ್ರಗಳು ಮನೆಮನೆಯಲ್ಲಿರುವಾಗ ಹೇತುವು ವ್ಯಭಿಚರಿಸುವುದು. ಮಾಯುವ ಗಾಯಕ್ಕೂ ಜೀವಶಾಸ್ತ್ರಜ್ಞರು ಬೇರೆ ಕಾರಣಗಳನ್ನು ತೋರಿಸಿದ್ದಾರೆ. ಮೊದಲನೆಯದು ಮಾತ್ರ ಇನ್ನೂ ಬಲವಾಗಿಯೇ ಇದೆ. ಗೌತಮರ ಸೂತ್ರದಲ್ಲಿಯೂ ಆತ್ಮನ ಲಿಂಗಗಳು ಆರು: ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನ. ಟ್ಯೂರಿಂಗರೂ ಸರ್ಲ್ ಅವರೂ ಜ್ಞಾನವೊಂದನ್ನೇ, ಅದರಲ್ಲಿಯೂ ಮಾತಿನಲ್ಲಿ ಹೊರಬೀಳುವ ಜ್ಞಾನವನ್ನೇ, ತೂಗಿ ನೋಡಿದರು. ಬೇಸಗೆಯ ದಿನಕ್ಕೂ ಕಾಂತೆಗೂ ಇರುವ ಸಾಮ್ಯವು ಬಿಸಿಲಿನಿಂದ ಹಿತವನ್ನು ಕಂಡ ಮೈಗೆ ಒಂದು ಬಗೆ, ಸುಟ್ಟುಕೊಂಡ ಮೈಗೆ ಮತ್ತೊಂದು ಬಗೆ. ಉತ್ತರವನ್ನು ಸರಿಯಾಗಿ ಹೇಳುವ ಯಂತ್ರಕ್ಕೆ ಆ ದಿನದಿಂದ ಹಿತವೂ ಇಲ್ಲ, ಅಹಿತವೂ ಇಲ್ಲ. ಪರೀಕ್ಷೆಯಲ್ಲಿ ಸೋತರೆ ಅದಕ್ಕೆ ಆಗುವ ನಷ್ಟವಾವುದು? ಇಂತಹ ನಷ್ಟವುಳ್ಳ ಯಂತ್ರವೇನಾದರೂ ಮುಂದೆ ಹುಟ್ಟಿದರೆ ನೈಯಾಯಿಕನು ತನ್ನ ಹೇತುವನ್ನು ಅದಕ್ಕೂ ಅನ್ವಯಿಸಬೇಕಾಗುವುದು. ಮರದಿಂದಾಯಿತು, ಲೋಹದಿಂದಾಯಿತು ಎಂಬ ಕಾರಣಕ್ಕೆ ಹಿಂಜರಿಯಲು ಅವನಿಗೆ ಅವಕಾಶವಿಲ್ಲ.

ಸರ್ಲ್ ಅವರಿಗಾದರೋ ದ್ರವ್ಯವೇ ಮುಖ್ಯ. ಸಸ್ಯಗಳು ಬೆಳಕಿನಿಂದ ಆಹಾರವನ್ನು ಮಾಡಿಕೊಳ್ಳುವಂತೆ, ಮೊಲೆಯಲ್ಲಿ ಹಾಲು ಹುಟ್ಟುವಂತೆ, ಮನಸ್ಸೂ ಜೀವದ್ರವ್ಯದ ಕಾರ್ಯವೆಂದೂ, ಮೆದುಳಿನ ಕಾರಣಶಕ್ತಿಗಳಿಗೆ ಸಮವಾದ ಶಕ್ತಿಯುಳ್ಳುದೇ ಅದನ್ನು ಹುಟ್ಟಿಸಬಲ್ಲುದೆಂದೂ ಅವರ ಮತ. ಆ ಶಕ್ತಿಗಳು ಯಾವುವೆಂದು ಹೇಳಿಲ್ಲ. ಕಿಣ್ವಾದಿಗಳಿಂದ ಮದಶಕ್ತಿ ಹುಟ್ಟುವಂತೆ ಭೂತಗಳ ಮೇಳನದಿಂದ ಚೈತನ್ಯವು ಹುಟ್ಟುವುದೆಂಬ ಚಾರ್ವಾಕನ ಮಾತಿಗೂ ಇದಕ್ಕೂ ಅಂತರವು ಸ್ವಲ್ಪ. ಅವರನ್ನು ಆತ್ಮವಾದಿಗಳ ಸಾಲಿಗೆ ಸೇರಿಸುವವರು ಪ್ರಬಂಧದ ಕೊನೆಯ ಪುಟಗಳನ್ನು ಓದಿದಂತೆ ತೋರುವುದಿಲ್ಲ.

ಶರೀರವಿದ್ದರೆ ಜ್ಞಾನವುಂಟು, ಇಲ್ಲದಿದ್ದರೆ ಇಲ್ಲ, ಆದುದರಿಂದ ಜ್ಞಾನವು ಶರೀರದ ಧರ್ಮವೆಂಬುದಕ್ಕೆ ಶಂಕರಾಚಾರ್ಯರು ಮೂರನೆಯ ಅಧ್ಯಾಯದ ಸೂತ್ರಭಾಷ್ಯದಲ್ಲಿ ದೀಪದ ದೃಷ್ಟಾಂತವನ್ನು ಕೊಟ್ಟಿರುವರು: ದೀಪವಿದ್ದರೆ ಕಾಣುವುದು, ಆರಿದರೆ ಕಾಣದು, ಆದರೂ ಕಾಣುವುದು ದೀಪದ ಧರ್ಮವಲ್ಲ. ಮೆದುಳನ್ನು ಕುರಿತೂ ಹೀಗೆಯೇ ಹೇಳಿ ಮುಗಿಸುವುದು ಇಂದಿನ ಉಪನ್ಯಾಸಗಳಲ್ಲಿ ವಾಡಿಕೆಯಾಗಿದೆ. ಅಷ್ಟರಿಂದ ಮುಗಿಯುವುದಿಲ್ಲ. 1848ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಫಿನಿಯಸ್ ಗೇಜ್ ಎಂಬ ರೈಲುದಾರಿಯ ಮೇಸ್ತ್ರಿಯ ತಲೆಯ ಮೂಲಕ ಕಬ್ಬಿಣದ ಸಲಾಕೆಯೊಂದು ಹಾದುಹೋಗಿ, ಅವನು ಬದುಕಿ ಉಳಿದರೂ ಸ್ವಭಾವವೇ ಬೇರೆಯಾಯಿತೆಂದು ಚಿಕಿತ್ಸೆಮಾಡಿದ ವೈದ್ಯ ಹಾರ್ಲೋ ಅವರು 1868ರಲ್ಲಿ ಬರೆದಿಟ್ಟರು. ದೀಪವು ಮಂಕಾದರೆ ನೋಡುವವನಿಗೆ ಕಾಣದೆ ಹೋಗಬಹುದು, ನೋಡುವವನೇ ಕೋಪಿಷ್ಠನಾಗುವುದಿಲ್ಲ. ಅದ್ವೈತಿಗೆ ಇದಕ್ಕೂ ಉತ್ತರವುಂಟು: ಕಾಮ, ಸಂಕಲ್ಪ, ಸಂಶಯ, ಭಯಾದಿಗಳೆಲ್ಲವೂ ಮನಸ್ಸೇ ಎಂದು ಬೃಹದಾರಣ್ಯಕದಲ್ಲಿದೆ, ಮನಸ್ಸು ಜಡ, ಜಡವು ಕೆಟ್ಟರೆ ಸಾಕ್ಷಿಗೇನು? ಉತ್ತರವು ಸರಿಯೆ, ಅದರ ಬೆಲೆಯನ್ನೂ ಕೊಡಬೇಕು. ಮನಸ್ಸು ಜಡವಾದ ಮೇಲೆ ಅದರ ಕೆಲಸಗಳೆಲ್ಲವನ್ನೂ ಯಂತ್ರವು ಮಾಡಿದರೆ ಅದ್ವೈತಿಯು ಆಶ್ಚರ್ಯಪಡುವಂತಿಲ್ಲ, ಮನುಷ್ಯನ ಮನಸ್ಸು ಯಂತ್ರಕ್ಕಿಂತ ಹೆಚ್ಚೆಂದು ವಾದಿಸುವಂತೆಯೂ ಇಲ್ಲ. ಇಚ್ಛಾದಿಗಳನ್ನು ಆತ್ಮಗುಣಗಳೆಂದ ನೈಯಾಯಿಕನು ಹಾಗೆ ಸುಲಭವಾಗಿ ಬಿಟ್ಟುಕೊಡಲಾರನು. 'ಭಾರತೀಯರ ಉತ್ತರ' ಎಂದು ಒಂದನ್ನು ಹಿಡಿದು ಪಾಶ್ಚಾತ್ಯರ ಮುಂದೆ ಚಾಚುವವರು ಈ ಭೇದವನ್ನು ಮರೆಯುತ್ತಾರೆ.

ಸರ್ಲ್ ಅವರ ಪ್ರಬಂಧದಲ್ಲಿ ಎದುರಾಳಿಗಳ ಆಕ್ಷೇಪಗಳು ಆರು. ಅವುಗಳಲ್ಲೊಂದು, ಇತರ ಮನುಷ್ಯರಿಗೆ ಚೀನೀ ಭಾಷೆ ತಿಳಿಯುವುದೆಂದು ಅವರ ನಡೆನುಡಿಗಳಿಂದಲ್ಲದೆ ಮತ್ತೆ ಹೇಗೆ ಬಲ್ಲಿರಿ, ಯಂತ್ರಕ್ಕೆ ಬೇರೆ ನ್ಯಾಯವೇಕೆ ಎಂಬುದು. ಅದಕ್ಕೆ ಚಿಕ್ಕ ಉತ್ತರವೇ ಸಾಕೆಂದು ಅವರು ಹೇಳಿ, ತಿಳಿಯುವ ಬಗೆ ಹೇಗೆಂಬುದು ಇಲ್ಲಿ ವಿಚಾರವಲ್ಲ, ಯಾವುದನ್ನು ಇತರರಿಗೆ ಆರೋಪಿಸುತ್ತೇವೆಂಬುದು ವಿಚಾರವೆಂದು ಕೆಲವೇ ಪಂಕ್ತಿಗಳಲ್ಲಿ ಮುಂದೆ ಹೋಗಿಬಿಡುತ್ತಾರೆ. ಪ್ರಮಾಣವನ್ನು ಬಿಟ್ಟು ಪ್ರಮೇಯವನ್ನು ಹಿಡಿದಂತಾಯಿತು. ಪ್ರಬಂಧವು ಎಲ್ಲಕ್ಕಿಂತ ಹೆಚ್ಚು ನಿಧಾನವಾಗಿ ನಡೆಯಬೇಕಾಗಿದ್ದ ಜಾಗವು ಅದೇ ಆಗಿತ್ತು.